ತಂದೆಯ ಪರಮಾಧಿಕಾರವನ್ನು ಅಧ್ಯಯನ ಮಾಡಲು ಯಾವ ಕನ್ನಡ ಬೈಬಲ್ ಕೊಳ್ಳಬೇಕು?

ಕನ್ನಡ ಬೈಬಲ್ ಕೊಳ್ಳಲು ಹೋದವರು ಸಾಮಾನ್ಯವಾಗಿ ಅಕ್ಷರ ದಪ್ಪಗಿದೆಯೇ, ಜಿಪ್ ಕವರ್ ಇದೆಯೇ, ಬೆಲೆ ಎಷ್ಟು ಎಂದು ಕೇಳುತ್ತಾರೆ. ಈ ವಿಮರ್ಶೆಯ ಪ್ರಶ್ನೆ ಬೇರೆ. ತಂದೆಯಾದ ದೇವರು ಎಲ್ಲಕ್ಕೂ ಮೇಲಿನವನು, ಎಲ್ಲಕ್ಕೂ ಮೂಲ ಎಂಬ ಕ್ರೈಸ್ತ ನಂಬಿಕೆಯನ್ನು ಒಂದೊಂದೇ ವಚನ ಹಿಡಿದು ಅಧ್ಯಯನ ಮಾಡಲು ಕುಳಿತರೆ ನಮ್ಮ ಅನುವಾದಗಳು ಎಷ್ಟು ದೂರ ಕೈಹಿಡಿದು ನಡೆಸುತ್ತವೆ? ಎಲ್ಲಿ ಕೈ ಬಿಡುತ್ತವೆ?

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಮೇಜಿನ ಮೇಲೆ ಬಿಚ್ಚಿಡಲು ಬೈಬಲ್ ಸೊಸೈಟಿ ಆಫ್ ಇಂಡಿಯಾದ ಸತ್ಯವೇದವು, ಅಂದರೆ ಜೆ.ವಿ. ಅನುವಾದ. ಅದರ ಪಕ್ಕಕ್ಕೆ ಅದೇ ಸಂಸ್ಥೆಯ ಇನ್ನೊಂದು ಅನುವಾದವಾದ ಸಿ.ಎಲ್., ಅದೂ ಕಥೋಲಿಕರು ಬಳಸುವ 73 ಪುಸ್ತಕಗಳಿರುವ ಮುದ್ರಣ. ಜೇಬಿನಲ್ಲಿ ಯೂವರ್ಷನ್ ಆ್ಯಪ್. ಗ್ರೀಕ್ ಪದ ನೋಡಲು ಸ್ಟೆಪ್ ಬೈಬಲ್ ಎಂಬ ಜಾಲತಾಣ. ಒಂದೇ ಪುಸ್ತಕ ಕೊಳ್ಳುವ ಶಕ್ತಿ ಇದ್ದರೆ ಜೆ.ವಿ. ಕೊಳ್ಳಿ. ಆದರೆ ಅದೊಂದನ್ನೇ ನಂಬಿ ತಂದೆ ಮಗನ ಸಂಬಂಧದ ಬಗ್ಗೆ ಸಿದ್ಧಾಂತ ಕಟ್ಟಬೇಡಿ. ಯಾಕೆ ಎಂಬುದೇ ಈ ಬರಹ.

ಮೊದಲು ವಿಷಯದ ಗಡಿಗಳನ್ನು ಗುರುತಿಸಿಕೊಳ್ಳೋಣ. ಇಲ್ಲದಿದ್ದರೆ ಅನುವಾದವನ್ನು ಅಳೆಯಲು ಅಳತೆಗೋಲೇ ಇರುವುದಿಲ್ಲ. "ತಂದೆ ದೊಡ್ಡವನು" ಎಂಬ ಮಾತಿಗೆ ಕ್ರೈಸ್ತ ಸಭೆಯ ಚರಿತ್ರೆಯಲ್ಲಿ ಕನಿಷ್ಠ ನಾಲ್ಕು ಅರ್ಥಗಳು ಬಂದಿವೆ. ಅಲೆಕ್ಸಾಂಡ್ರಿಯದ ಆರಿಯುಸನು ಮಗನು ಇಲ್ಲದ ಸ್ಥಿತಿಯೊಂದು ಇತ್ತು, ಮಗನೂ ಸೃಷ್ಟಿಯೇ ಎಂದ. 325ರಲ್ಲಿ ನಿಕೇಯದಲ್ಲಿ ಸೇರಿದ ಬಿಷಪರ ಸಭೆ ಅದನ್ನು ತಳ್ಳಿಹಾಕಿ, ಮಗನು ತಂದೆಯೊಂದಿಗೆ ಏಕಸತ್ವವುಳ್ಳವನು ಎಂದು ಅರಿಕೆ ಮಾಡಿತು. ಎರಡನೆಯದು ಬಸಿಲಿಯುಸ್, ನಾಜಿಯಾಂಜಸ್‌ನ ಗ್ರೆಗೊರಿ ಮುಂತಾದ ಪೂರ್ವದ ಪಿತೃಗಳದು, ಅಂದರೆ ಆರಂಭಕಾಲದ ಸಭೆಯ ಗುರುಗಳದು: ತಂದೆ ದೊಡ್ಡವನು ಏಕೆಂದರೆ ಅವನೇ ಮೂಲ, ಮಗನೂ ಆತ್ಮನೂ ಅನಾದಿಯಿಂದಲೇ ಅವನಿಂದ, ಸತ್ವದಲ್ಲಿ ಕಿಂಚಿತ್ತೂ ಹೆಚ್ಚು ಕಡಿಮೆ ಇಲ್ಲ. ಮೂರನೆಯದು ಪಶ್ಚಿಮದಲ್ಲಿ ಅಗಸ್ಟಿನನಿಂದ ಬಲ ಪಡೆದದ್ದು: ದೇವಸ್ವರೂಪದಲ್ಲಿ ಮಗನು ಸಮಾನ, ದಾಸನ ರೂಪದಲ್ಲಿ ಕಡಿಮೆ. ನಾಲ್ಕನೆಯದು ನಮ್ಮ ಕಾಲದ್ದು. ಮಗನು ಸತ್ವದಲ್ಲಿ ಸಮಾನನಾದರೂ ನಿತ್ಯಕ್ಕೂ ತಂದೆಯ ಅಧಿಕಾರಕ್ಕೆ ಒಳಪಟ್ಟವನೇ ಎಂಬ ಬೋಧನೆ. 2016ರಲ್ಲಿ ಇಂಗ್ಲಿಷ್ ಮಾತನಾಡುವ ಇವ್ಯಾಂಜೆಲಿಕಲ್ ವಲಯದಲ್ಲಿ ಇದರ ಮೇಲೆ ದೊಡ್ಡ ವಾಗ್ವಾದವೇ ನಡೆಯಿತು.

ಒಳ್ಳೆಯ ಅನುವಾದ ಈ ನಾಲ್ಕರಲ್ಲಿ ಒಂದನ್ನು ಓದುಗನ ಬಾಯಿಗೆ ತುರುಕಬಾರದು. ಮೂಲದಲ್ಲಿ ಬಾಗಿಲು ಎಷ್ಟು ತೆರೆದಿದೆಯೋ ಅಷ್ಟೇ ತೆರೆದಿಡಬೇಕು. ನಮ್ಮ ಅಳತೆಗೋಲು ಇಷ್ಟೇ.

ಮೊದಲ ಪರೀಕ್ಷೆ ಯೋಹಾನ 14:28. ಗ್ರೀಕ್‌ನಲ್ಲಿರುವ ಪದ ಮೆಯ್‌ಜೋನ್, ಸ್ಟ್ರಾಂಗ್ ಸಂಖ್ಯೆ (ಬೈಬಲಿನ ಮೂಲಪದಗಳಿಗೆ ಕೊಟ್ಟಿರುವ ಕ್ರಮಸಂಖ್ಯೆ) 3187. ಕನ್ನಡದಲ್ಲಿ ಇದಕ್ಕೆ ತಕ್ಷಣ ಬರುವ ಪದ "ದೊಡ್ಡವನು". ಇಲ್ಲಿಯೇ ಮೊದಲ ಗುಂಡಿ. ನಮ್ಮ ಮಾತಿನಲ್ಲಿ "ಅವನು ನನಗಿಂತ ದೊಡ್ಡವನು" ಎಂದರೆ ಮೊದಲು ಹೊಳೆಯುವುದು ವಯಸ್ಸು. ಅಣ್ಣ ತಮ್ಮನಿಗಿಂತ ದೊಡ್ಡವನು. ಇನ್ನು ತಂದೆ ಮಗನಿಗಿಂತ ದೊಡ್ಡವನು ಎಂದರೆ ಕೇಳಬೇಕೇ! ಮನೆಪ್ರಾರ್ಥನೆಯಲ್ಲಿ ಈ ವಚನ ಓದಿದಾಗ ಕೇಳುವವರ ಮನಸ್ಸಿನಲ್ಲಿ ಆರಿಯುಸನ ಸಿದ್ಧಾಂತ ತಾನಾಗಿಯೇ ಮೊಳೆಯುವುದು ಹೀಗೆ, ಯಾರೂ ಬೋಧಿಸಬೇಕಾಗಿಲ್ಲ. ಅನುವಾದಕರ ತಪ್ಪು ಎನ್ನುವಂತಿಲ್ಲ, ಗ್ರೀಕ್ ಪದಕ್ಕೂ ಈ ಇಬ್ಬಗೆ ಇದೆ. ರೋಮಾಪುರದವರಿಗೆ ಬರೆದ ಪತ್ರಿಕೆ 9:12ರಲ್ಲಿ ಏಸಾವ ಯಾಕೋಬರ ಬಗ್ಗೆ "ಹಿರಿಯನು ಕಿರಿಯನಿಗೆ ಸೇವೆ ಮಾಡುವನು" ಎಂಬಲ್ಲಿ ಹಿರಿಯನಿಗೆ ಇರುವುದು ಇದೇ ಮೆಯ್‌ಜೋನ್. ಆದರೆ ಯೋಹಾನನ ಸಂದರ್ಭ ವಯಸ್ಸಿನದಲ್ಲ. ನಾನು ತಂದೆಯ ಬಳಿಗೆ ಹೋಗುತ್ತಿದ್ದೇನೆ, ಅದಕ್ಕೆ ನೀವು ಸಂತೋಷಪಡಬೇಕಿತ್ತು ಎಂಬ ಮಾತಿನ ಕಾರಣವಾಗಿ ಇದು ಬರುತ್ತದೆ. ಹಾಗಾಗಿ ಈ ಒಂದು ವಚನದ ಅಂಚಿನಲ್ಲಿ "ವಯಸ್ಸಲ್ಲ, 13:16 ಸಹ ನೋಡಿ" ಎಂದು ಪೆನ್ಸಿಲಿನಲ್ಲಿ ಬರೆದುಕೊಳ್ಳಿ. ದಾಸನು ಧಣಿಗಿಂತ ದೊಡ್ಡವನಲ್ಲ, ಕಳುಹಿಸಲ್ಪಟ್ಟವನು ಕಳುಹಿಸಿದವನಿಗಿಂತ ದೊಡ್ಡವನಲ್ಲ ಎಂಬ ಆ ವಚನದಲ್ಲೂ ಇದೇ ಪದ. ಯೋಹಾನನೇ ತನ್ನ ಪದಕ್ಕೆ ಅರ್ಥ ಕೊಟ್ಟಿದ್ದಾನೆ. ಕಳುಹಿಸಿದಾತನ ಹಿರಿಮೆ ಅದು.

ಎರಡನೆಯ ಪರೀಕ್ಷೆ ವಚನವಲ್ಲ, ಜೆ.ವಿ.ಯ ಉದ್ದಕ್ಕೂ ಬರುವ ನುಡಿಗಟ್ಟು: "ತಂದೆಯಾದ ದೇವರು." ಸಭೆಯಲ್ಲಿ ಆಶೀರ್ವಾದ ಕೇಳಿ ಬೆಳೆದವರಿಗೆ ಇದು ಉಸಿರಿನಷ್ಟು ಸಹಜ. ಹೊಸಬರಿಗೆ ಹಾಗಲ್ಲ. "ಆದ" ಎಂಬುದು ಆಗು ಧಾತುವಿನ ಭೂತಕೃದಂತ. "ತಂದೆಯಾದ" ಎಂದರೆ ಒಂದು ಕಾಲದಲ್ಲಿ ತಂದೆಯಲ್ಲದಿದ್ದು ಆಮೇಲೆ ತಂದೆಯಾದವನು ಎಂದೇ ಕೇಳಿಸಬಹುದು. ನಿಕೇಯದಲ್ಲಿ ಜಗಳವಾದದ್ದು ಇದೇ ಅಂಶದ ಮೇಲೆ: ದೇವರು ಯಾವಾಗ ತಂದೆಯಾದ? ಆರಿಯುಸನನ್ನು ವಿರೋಧಿಸಿದ ಅಥನಾಸಿಯುಸನ ಉತ್ತರ, ಅವನು "ಆಗಲೇ" ಇಲ್ಲ, ಎಂದೆಂದಿಗೂ ತಂದೆಯೇ; ಮಗನಿಲ್ಲದೆ ತಂದೆ ಎಂಬ ಹೆಸರೇ ಇಲ್ಲ. ಕನ್ನಡ ವ್ಯಾಕರಣದ ಕಡೆಯಿಂದ ಸಮಾಧಾನ ಹೇಳುವುದಾದರೆ "ಅಯೋಧ್ಯೆಯ ಅರಸನಾದ ದಶರಥ" ಎಂಬಲ್ಲಿಯಂತೆ ಇಲ್ಲಿ "ಆದ" ಸಮಾನಾಧಿಕರಣವನ್ನು, ಅಂದರೆ ಎರಡೂ ಪದ ಒಬ್ಬನನ್ನೇ ಸೂಚಿಸುವುದನ್ನು, ತೋರಿಸುತ್ತದೆ, ಕಾಲವನ್ನಲ್ಲ. ಅದು ಸರಿ. ಆದರೂ ಬೋಧಿಸುವವರು ಒಮ್ಮೆಯಾದರೂ "ತಂದೆಯಾಗಿರುವ ದೇವರು" ಎಂದು ಬಿಡಿಸಿ ಹೇಳಿದರೆ ಗೊಂದಲ ಹತ್ತಿರ ಸುಳಿಯುವುದಿಲ್ಲ.

ಸಿ.ಎಲ್. ಈ ವಿಷಯದಲ್ಲಿ ಬೇರೆ ದಾರಿ ಹಿಡಿದಿದೆ. ಯೋಹಾನನ ಸುವಾರ್ತೆಯಲ್ಲಿ, ಅಂದರೆ ಅದರ ಭಾಷೆಯಲ್ಲಿ ಯೊವಾನ್ನನ ಶುಭಸಂದೇಶದಲ್ಲಿ, ಯೇಸು ತಂದೆಯ ಬಗ್ಗೆ ಮಾತನಾಡುವಾಗ "ಪಿತ" ಎನ್ನುತ್ತಾರೆ. ಕಥೋಲಿಕ ಪೂಜೆಯಲ್ಲಿ "ಪಿತ, ಸುತ, ಪವಿತ್ರಾತ್ಮ" ಎಂದು ಕೇಳಿದವರಿಗೆ ಇದು ಚಿರಪರಿಚಿತ. ಲಾಭವೇನೆಂದರೆ "ಪಿತ" ಎಂದ ಕೂಡಲೇ ಇದು ಮನೆಯ ಅಪ್ಪನ ಮಾತಲ್ಲ, ತ್ರಿತ್ವದ ಮೊದಲ ವ್ಯಕ್ತಿಯ ಹೆಸರು ಎಂದು ಕಿವಿ ಎಚ್ಚರಗೊಳ್ಳುತ್ತದೆ. ನಷ್ಟವೂ ಅದೇ. ಗೆತ್ಸೆಮನೆಯಲ್ಲಿ "ಅಪ್ಪಾ" ಎಂದು ಕೂಗಿದ ಧ್ವನಿಗೂ "ಪಿತ" ಎಂಬ ಸಂಸ್ಕೃತ ಪದಕ್ಕೂ ನಡುವೆ ಅಂತರ ಬೀಳುತ್ತದೆ.

ಗೌರವವಾಚಕದ ಪ್ರಶ್ನೆ ಇದಕ್ಕಿಂತ ಆಳದ್ದು. ಕೊಳ್ಳುವ ಮುನ್ನ ಅಂಗಡಿಯಲ್ಲೇ ಎರಡೂ ಪುಸ್ತಕ ತೆರೆದು ಮತ್ತಾಯ 6:9 ಓದಿ. ಜೆ.ವಿ.: "ಪರಲೋಕದಲ್ಲಿರುವ ನಮ್ಮ ತಂದೆಯೇ, ನಿನ್ನ ನಾಮವು ಪರಿಶುದ್ಧವೆಂದು ಎಣಿಸಲ್ಪಡಲಿ." ಸಿ.ಎಲ್.ನಲ್ಲಿ "ನಿನ್ನ" ಹೋಗಿ "ನಿಮ್ಮ" ಬಂದಿದೆ, ಪರಲೋಕ ಸ್ವರ್ಗವಾಗಿದೆ. ಆದಿಕಾಂಡದ ಮೊದಲ ವಾಕ್ಯದಲ್ಲೂ ಹಾಗೆಯೇ. ಜೆ.ವಿ.ಯಲ್ಲಿ "ದೇವರು... ಉಂಟುಮಾಡಿದನು". ರೂಪದಲ್ಲಿ ಬಹುವಚನವಾದ "ದೇವರು" ಎಂಬ ಕರ್ತೃಪದಕ್ಕೆ ಏಕವಚನದ ಕ್ರಿಯಾಪದ. ಮೊದಲ ಸಲ ಓದುವ ಕನ್ನಡಿಗನಿಗೆ ಇದು ಕಲ್ಲು ಸಿಕ್ಕಿದ ಅನ್ನದ ಹಾಗೆ ಅನಿಸುತ್ತದೆ. ಆದರೆ ಒಂದು ಗಳಿಗೆ ನಿಂತು ನೋಡಿ. ಹೀಬ್ರೂ ಮೂಲದಲ್ಲೂ ಎಲೋಹೀಮ್ ಎಂಬ ಬಹುವಚನ ರೂಪಕ್ಕೆ ಏಕವಚನದ ಕ್ರಿಯಾಪದವೇ ಇದೆ. ಬೇರೆ ಎಷ್ಟೋ ಭಾಷೆಗಳು ಕಳೆದುಕೊಂಡ ಈ ವಿಚಿತ್ರ ಹೊಂದಿಕೆಯನ್ನು ಜೆ.ವಿ. ಉಳಿಸಿಕೊಂಡಿದೆ.

ಈ ಗೌರವರೂಪ ನಮ್ಮ ವಿಷಯವನ್ನು ಮುಟ್ಟುವುದು ಯೋಹಾನ 17ರಲ್ಲಿ. ಅಲ್ಲಿ ಮಗನು ತಂದೆಯನ್ನು ಕುರಿತು ಪ್ರಾರ್ಥಿಸುತ್ತಾನೆ. ಗ್ರೀಕ್‌ನಲ್ಲಿ "ನೀನು", "ನೀವು" ಎಂಬ ಮರ್ಯಾದೆಯ ಭೇದವೇ ಇಲ್ಲ. ಒಬ್ಬನಿಗೆ ಏಕವಚನ, ಹಲವರಿಗೆ ಬಹುವಚನ, ಅಷ್ಟೇ. ಸಿ.ಎಲ್. "ನೀವು" ಎಂದಾಗ ಮಗನ ಬಾಯಲ್ಲಿ ತಂದೆಗೆ ವಿಧೇಯತೆಯ ಸ್ವರ ಸೇರುತ್ತದೆ. ಕನ್ನಡ ಮನೆಗಳಲ್ಲಿ ತಂದೆಯನ್ನು ಬಹುವಚನದಲ್ಲಿ ಕರೆಯುವವರಿಗೆ ಅದು ಒಪ್ಪುತ್ತದೆ, ಆದರೆ ಮೂಲದಲ್ಲಿಲ್ಲದ ಒಂದು ಮೆಟ್ಟಿಲು ಅಲ್ಲಿ ಕಟ್ಟಿದಂತಾಗುತ್ತದೆ. ಜೆ.ವಿ. "ಒಬ್ಬನೇ ಸತ್ಯದೇವರಾದ ನಿನ್ನನ್ನೂ" ಎಂದಾಗ ವಚನಕಾರರೂ ದಾಸರೂ ದೇವರನ್ನು ಏಕವಚನದಲ್ಲಿ ಕರೆದ ಸಲಿಗೆ ನೆನಪಾಗುತ್ತದೆ. ಆ ಸಲಿಗೆಯಲ್ಲಿ ಸಮಾನತೆಯ ಛಾಯೆ ಇದೆ. ಯಾವುದು ಸರಿ? ಎರಡೂ ಅರ್ಧ ಸರಿ. ತಂದೆಯ ಶ್ರೇಷ್ಠತೆ ಎಂಬುದು ಗೌರವವಾಚಕದಿಂದ ಸಾಬೀತಾಗುವಂಥದ್ದಲ್ಲ, ಇಲ್ಲದಾಗುವಂಥದ್ದೂ ಅಲ್ಲ. ಸರ್ವನಾಮದ ಮೇಲೆ ವಾದ ಹೂಡಬೇಡಿ.

ಜೆ.ವಿ.ಯ ಸರ್ವನಾಮದಲ್ಲಿ ಇನ್ನೊಂದು ಸೂಕ್ಷ್ಮ ಇದೆ, ಬಹಳ ಓದುಗರು ಗಮನಿಸುವುದಿಲ್ಲ. ಸಾಮಾನ್ಯ ಮನುಷ್ಯನಿಗೆ "ಅವನು", ದೇವರಿಗೆ "ಆತನು", ಯೇಸುವಿಗೂ "ಆತನು". ತಂದೆ ಮಗ ಇಬ್ಬರನ್ನೂ ಒಂದೇ ಸಾಲಿನಲ್ಲಿ ಕೂರಿಸುವ ಈ ಆಯ್ಕೆ ಅನುವಾದಕರ ಅರಿಕೆಯೇ ಹೊರತು ಗ್ರೀಕ್ ವ್ಯಾಕರಣವಲ್ಲ. ಅದರಿಂದ ಒಂದು ತೊಂದರೆಯೂ ಇದೆ. 1 ಕೊರಿಂಥ 15:24ರಿಂದ 28ರವರೆಗೆ ಓದುವಾಗ "ಆತನು", "ಆತನಿಗೆ", "ಆತನ" ಎಂಬ ಪದಗಳು ಒಂದರ ಹಿಂದೆ ಒಂದು ಬಂದು, ಯಾರು ಯಾರನ್ನು ಯಾರಿಗೆ ಅಧೀನ ಮಾಡಿದರು ಎಂಬುದೇ ಕಲಸಿಹೋಗುತ್ತದೆ.

ಆ ಭಾಗಕ್ಕೆ ಅರ್ಧ ಗಂಟೆಯನ್ನಾದರೂ ಕೊಡಿ, ತಂದೆಯ ಪರಮಾಧಿಕಾರದ ಬಗ್ಗೆ ಪೌಲನು ಬರೆದ ಅತ್ಯಂತ ಸಾಂದ್ರವಾದ ಸಾಲುಗಳು ಇವು. ಎರಡು ಬಣ್ಣದ ಪೆನ್ಸಿಲ್ ತೆಗೆದುಕೊಳ್ಳಿ. ತಂದೆಯನ್ನು ಸೂಚಿಸುವ ಪ್ರತಿ ಪದದ ಕೆಳಗೆ ನೀಲಿ ಗೆರೆ, ಕ್ರಿಸ್ತನನ್ನು ಸೂಚಿಸುವ ಪದಕ್ಕೆ ಕೆಂಪು. 25ನೆಯ ವಚನದ "ಆತನು" ಯಾರೆಂದು ಅನುಮಾನ ಬಂದರೆ ಅದನ್ನು ಹಾಗೆಯೇ ಬಿಡಿ, ವ್ಯಾಖ್ಯಾನಕಾರರೂ ಅಲ್ಲಿ ಭಿನ್ನರು. ಆಮೇಲೆ ಸ್ಟೆಪ್ ಬೈಬಲ್‌ನಲ್ಲಿ 27, 28 ತೆರೆದು 5293 ಸಂಖ್ಯೆಯ ಹುಪೊತಾಸ್ಸೊ ಎಂಬ ಕ್ರಿಯಾಪದವನ್ನು ಎಣಿಸಿ. ಎರಡು ವಚನಗಳಲ್ಲಿ 6 ಸಲ ಬರುತ್ತದೆ. ನಿಮ್ಮ ಕನ್ನಡ ಅನುವಾದದಲ್ಲಿ "ಅಧೀನ" ಎಂಬ ಮೂಲದ ಪದ ಎಷ್ಟು ಸಲ ಬಂದಿದೆ ನೋಡಿ. ಕಡಿಮೆ ಇದ್ದರೆ ಅನುವಾದಕರು ಮಾತಿನ ಸೊಗಸಿಗಾಗಿ ಪುನರುಕ್ತಿಯನ್ನು ಕತ್ತರಿಸಿದ್ದಾರೆ ಎಂದರ್ಥ. ಪೌಲನ ಸುತ್ತಿಗೆ ಏಟು ಒಂದೇ ಜಾಗಕ್ಕೆ ಬೀಳುತ್ತಿದೆ ಎಂಬುದು ಆಗ ಓದುಗನಿಗೆ ಕೇಳಿಸುವುದಿಲ್ಲ.

ಇದೇ ಭಾಗದಲ್ಲಿ ಜನ ಎಡವುವ ಇನ್ನೊಂದು ಕಡೆ: ಮಗನು ರಾಜ್ಯವನ್ನು ತಂದೆಗೆ ಒಪ್ಪಿಸಿದ ಮೇಲೆ ಮಗನ ಆಳಿಕೆ ಮುಗಿಯಿತೇ? ನಾಲ್ಕನೆಯ ಶತಮಾನದ ಅನ್ಸಿರಾದ ಮಾರ್ಸೆಲ್ಲುಸನ ಬೋಧನೆಯನ್ನು ಹಾಗೆ ಅರ್ಥಮಾಡಿಕೊಂಡೇ ವಿರೋಧಿಸಲಾಯಿತು. 381ರ ವಿಶ್ವಾಸಪ್ರಮಾಣದಲ್ಲಿ "ಆತನ ರಾಜ್ಯಕ್ಕೆ ಅಂತ್ಯವಿಲ್ಲ" ಎಂಬ ಮಾತು ಇರುವುದು ಅದಕ್ಕೆ ಉತ್ತರವಾಗಿ. ಆಧಾರ ಲೂಕ 1:33. ಭಾನುವಾರ ಸಭೆಯಲ್ಲಿ ಆ ವಾಕ್ಯ ಹೇಳುವಾಗ ಅದರ ಹಿಂದೆ 1 ಕೊರಿಂಥ 15:28 ನಿಂತಿದೆ ಎಂದು ತಿಳಿದಿದ್ದರೆ ಎರಡೂ ವಚನಗಳನ್ನು ಒಟ್ಟಿಗೆ ಹಿಡಿಯುವುದು ಅಭ್ಯಾಸವಾಗುತ್ತದೆ.

ಈಗ ಕನ್ನಡ ಗೆಲ್ಲುವ ಜಾಗ. ಯೋಹಾನ 10:30ರಲ್ಲಿ ನಾನೂ ತಂದೆಯೂ "ಒಂದು" ಎಂಬಲ್ಲಿ ಗ್ರೀಕ್ ಪದ ನಪುಂಸಕಲಿಂಗದ ಹೆನ್, ಪುಲ್ಲಿಂಗದ ಹೆಯ್ಸ್ ಅಲ್ಲ. ಅಂದರೆ "ಒಬ್ಬನೇ ವ್ಯಕ್ತಿ" ಎಂದಲ್ಲ. ಇಂಗ್ಲಿಷ್‌ನಲ್ಲಿ ಈ ಭೇದ ತೋರಿಸಲು ಅಡಿಟಿಪ್ಪಣಿ ಬೇಕು. ಕನ್ನಡಕ್ಕೆ ಬೇಡ, ನಮ್ಮಲ್ಲಿ ಮನುಷ್ಯರಿಗೆ "ಒಬ್ಬ", ಉಳಿದದ್ದಕ್ಕೆ "ಒಂದು". ಜೆ.ವಿ.ಯೂ ಸಿ.ಎಲ್.ಲೂ ಇಲ್ಲಿ "ಒಂದು" ಎಂಬುದನ್ನೇ ಬಳಸಿವೆ. ತಂದೆಯೇ ಮಗನ ವೇಷ ಹಾಕಿ ಬಂದ ಎಂಬ ಬೋಧನೆ ಕೆಲವು ಕಡೆ ಈಗಲೂ ಕೇಳಿಬರುತ್ತದೆ. ಅದಕ್ಕೆ ಈ ಒಂದು ಅಕ್ಷರದ ವ್ಯತ್ಯಾಸವೇ ಉತ್ತರ. ಅದರ ಹಿಂದಿನ ವಚನದಲ್ಲೇ ತಂದೆ ಎಲ್ಲರಿಗಿಂತ ದೊಡ್ಡವನು ಎಂದಿದೆ. 29, 30 ಎರಡನ್ನೂ ಒಂದೇ ಉಸಿರಿನಲ್ಲಿ ಓದಿ.

ಕನ್ನಡ ಸೋಲುವ ಜಾಗ 1 ಕೊರಿಂಥ 8:6. ಅಲ್ಲಿ ಪೌಲನು ಎರಡು ಸಣ್ಣ ಉಪಸರ್ಗಗಳಲ್ಲಿ ಇಡೀ ವಿಷಯ ಇಟ್ಟಿದ್ದಾನೆ. ತಂದೆಯ ಬಗ್ಗೆ "ಎಕ್ಸ್": ಎಲ್ಲವೂ ಯಾರೊಳಗಿಂದ ಹೊರಟಿತೋ ಆತನು. ಮಗನ ಬಗ್ಗೆ "ದಿಯಾ": ಎಲ್ಲವೂ ಯಾರ ಮೂಲಕ ಬಂತೋ ಆತನು. ಕನ್ನಡದ "ಇಂದ" ಪ್ರತ್ಯಯಕ್ಕೆ ಈ ಎರಡು ಕೆಲಸವನ್ನೂ ಹೊರುವ ಅಭ್ಯಾಸ. "ಬಾವಿಯಿಂದ ನೀರು ತಂದ", "ಹಗ್ಗದಿಂದ ನೀರು ಸೇದಿದ": ಒಂದು ಮೂಲ, ಇನ್ನೊಂದು ಸಾಧನ, ಪ್ರತ್ಯಯ ಒಂದೇ. ಶಾಲೆಯ ವ್ಯಾಕರಣ ಪಂಚಮಿಗೆ "ದೆಸೆಯಿಂದ" ಎಂದು ಬೇರೆ ಕೊಟ್ಟರೂ ಮಾತಿನಲ್ಲಿ ಅದನ್ನು ಯಾರೂ ಬಳಸುವುದಿಲ್ಲ. ಹಾಗಾಗಿ ಪ್ರಸಂಗದಲ್ಲಿ "ತಂದೆಯಿಂದ ಸೃಷ್ಟಿ, ಮಗನಿಂದ ಸೃಷ್ಟಿ" ಎಂದು ಹೇಳಿದರೆ ಪೌಲನ ಭೇದ ಅಳಿಸಿಹೋಯಿತು. ಜೆ.ವಿ. ಇಲ್ಲಿ ತಂದೆಗೆ ಮೂಲದ ಮಾತನ್ನೂ ಮಗನಿಗೆ "ಮುಖಾಂತರ" ಎಂಬುದನ್ನೂ ಬಳಸಿ ಜಾಗ್ರತೆ ವಹಿಸಿದೆ. ನೀವು ಬಾಯಿಪಾಠ ಮಾಡುವಾಗ ಆ "ಮುಖಾಂತರ"ವನ್ನು ಸವೆಸಿ "ಇಂದ" ಮಾಡಿಬಿಡಬೇಡಿ. ತಂದೆಯ ಪರಮಾಧಿಕಾರ ಎಂದರೆ ಗಾತ್ರವಲ್ಲ, ಮೂಲ. ಈ ವಚನದಷ್ಟು ಸ್ಪಷ್ಟವಾಗಿ ಅದನ್ನು ಹೇಳುವ ಇನ್ನೊಂದು ವಚನ ನಮಗೆ ಕಾಣದು.

"ಕ್ರಿಸ್ತನಿಗೆ ದೇವರು ತಲೆ" ಎಂಬ 1 ಕೊರಿಂಥ 11:3ರಲ್ಲೂ ಇದೇ ಪ್ರಶ್ನೆ. ಕೆಫಲೆ ಎಂಬ ಗ್ರೀಕ್ ಪದಕ್ಕೆ ಇಲ್ಲಿ ಅಧಿಕಾರ ಎಂಬ ಅರ್ಥವೇ, ಉಗಮ ಎಂಬ ಅರ್ಥವೇ ಎಂದು ಪಂಡಿತರು ದಶಕಗಳಿಂದ ವಾದಿಸುತ್ತಿದ್ದಾರೆ. "ತಲೆ" ಎಂಬ ಅಚ್ಚಗನ್ನಡ ಪದ ಎರಡಕ್ಕೂ ಜಾಗ ಕೊಡುತ್ತದೆ. ತಲೆಯಾಳು ಎಂದರೆ ಮುಂದಾಳು, ಆದರೆ ತಲಕಾವೇರಿ ಎಂದರೆ ಕಾವೇರಿಯ ಉಗಮ. ಯಾವುದಾದರೂ ಸರಳ ಅನುವಾದ ಇಲ್ಲಿ "ಅಧಿಪತಿ" ಎಂದೋ "ಮುಖ್ಯಸ್ಥ" ಎಂದೋ ಹಾಕಿದರೆ ಓದಲು ಸಲೀಸಾಗುತ್ತದೆ, ವಾದದ ಒಂದು ಪಕ್ಷ ಮಾತ್ರ ಉಳಿಯುತ್ತದೆ. ಅದಕ್ಕೇ ಅಧ್ಯಯನಕ್ಕೆ ಸರಳ ಅನುವಾದ ಬೇಡ ಎನ್ನುವುದು. "ಪರಿಶುದ್ಧ ಬೈಬಲ್" ಎಂಬ ಹೆಸರಿನ ಸುಲಭ ಕನ್ನಡದ ಅನುವಾದ ಮೊದಲ ಸಲ ಬೈಬಲ್ ಹಿಡಿಯುವವರಿಗೆ, ಮಕ್ಕಳಿಗೆ, ಆಸ್ಪತ್ರೆಯಲ್ಲಿ ರೋಗಿಗೆ ಓದಿ ಹೇಳುವುದಕ್ಕೆ ಬಹಳ ಒಳ್ಳೆಯದು. ಅದರ ವಾಕ್ಯಗಳು ಚಿಕ್ಕವು, ನಡಿಗೆ ಇಂದಿನದು. ಆದರೆ ಚಿಕ್ಕ ವಾಕ್ಯ ಮಾಡಲು ಒಂದು ಅರ್ಥವನ್ನು ಆರಿಸಲೇಬೇಕು. ನಮ್ಮ ವಿಷಯದಲ್ಲಿ ಆರಿಸದೆ ಬಿಡುವುದೇ ದೊಡ್ಡ ಗುಣ.

ಹಳೆಯ ಒಡಂಬಡಿಕೆಯಲ್ಲಿ ಒಂದು ಮುಖ್ಯ ವ್ಯತ್ಯಾಸ. ಜೆ.ವಿ. ದೇವರ ಹೆಸರನ್ನು "ಯೆಹೋವನು" ಎಂದು ಇಡುತ್ತದೆ, ಸಿ.ಎಲ್. ಬಹುಮಟ್ಟಿಗೆ "ಸರ್ವೇಶ್ವರ" ಎನ್ನುತ್ತದೆ. ಕೀರ್ತನೆ 110ರ ಮೊದಲ ವಚನದಲ್ಲಿ ಒಬ್ಬನು ಇನ್ನೊಬ್ಬನಿಗೆ "ನನ್ನ ಬಲಗಡೆಯಲ್ಲಿ ಕುಳಿತುಕೊಂಡಿರು" ಎನ್ನುತ್ತಾನಲ್ಲ, ಅಲ್ಲಿ ಮಾತನಾಡುವವನು ಯಾರು, ಕುಳಿತುಕೊಳ್ಳುವವನು ಯಾರು ಎಂಬುದು ಜೆ.ವಿ.ಯಲ್ಲಿ ಮೊದಲ ಓದಿಗೇ ಸ್ಪಷ್ಟ. ಕರ್ತನು, ಒಡೆಯನು, ಪ್ರಭು ಎಂಬ ಪದಗಳು ಹೊಸ ಒಡಂಬಡಿಕೆಯಲ್ಲಿ ತಂದೆಗೂ ಮಗನಿಗೂ ಬರುವುದರಿಂದ ಉದ್ಧರಣೆಯ ಮೂಲಕ್ಕೆ ಹಿಂದಿರುಗಿ ಯೆಹೋವ ಎಂದಿದೆಯೇ ನೋಡುವುದು ಕಡ್ಡಾಯ. ಫಿಲಿಪ್ಪಿ 2:10, 11ಕ್ಕೆ ಯೆಶಾಯ 45:23 ಪಕ್ಕಕ್ಕಿಟ್ಟು ಓದಿ. ಯೆಹೋವನಿಗೆ ಬಾಗಬೇಕಾದ ಮೊಣಕಾಲು ಯೇಸುವಿಗೆ ಬಾಗುತ್ತದೆ. ಆದರೆ ವಾಕ್ಯ ಅಲ್ಲಿಗೆ ನಿಲ್ಲದೆ ತಂದೆಯ ಘನತೆಯಲ್ಲಿ ಮುಗಿಯುತ್ತದೆ. ಪ್ರಕಟನೆ 3:12ರಲ್ಲಿ ಪರಲೋಕಕ್ಕೆ ಎತ್ತಲ್ಪಟ್ಟ ಕ್ರಿಸ್ತನೇ "ನನ್ನ ದೇವರು" ಎಂಬ ಮಾತನ್ನು 4 ಸಲ ಹೇಳುತ್ತಾನೆ. ತಂದೆಯ ಹಿರಿಮೆ ಕ್ರಿಸ್ತನ ಭೂಲೋಕದ ದಿನಗಳಿಗೆ ಮಾತ್ರ ಸೇರಿದ್ದು ಎನ್ನುವವರು ಉತ್ತರ ಹೇಳಬೇಕಾದ ವಚನ ಇದು.

ಸಿ.ಎಲ್. ಅನ್ನು 73 ಪುಸ್ತಕಗಳ ಮುದ್ರಣದಲ್ಲೇ ಕೊಳ್ಳಿ ಎಂದದ್ದಕ್ಕೆ ಕಾರಣ ಇಬ್ರಿಯ 1:3. ಮಗನನ್ನು ದೇವರ ಮಹಿಮೆಯ ಹೊಳಪು ಎನ್ನಲು ಅಲ್ಲಿ ಬಳಸಿದ ಅಪೌಗಾಸ್ಮ ಎಂಬ ಪದ ಹೊಸ ಒಡಂಬಡಿಕೆಯಲ್ಲಿ ಅಲ್ಲೊಂದೇ ಕಡೆ ಬರುವುದು. ಅದರ ಜೋಡಿ ಇರುವುದು ಸೊಲೊಮೋನನ ಜ್ಞಾನಗ್ರಂಥ 7:26ರಲ್ಲಿ. 66 ಪುಸ್ತಕಗಳ ಬೈಬಲಿನಲ್ಲಿ ಆ ಗ್ರಂಥವೇ ಇಲ್ಲ. ಪ್ರೊಟೆಸ್ಟೆಂಟ್ ಓದುಗರು ಅದನ್ನು ಧರ್ಮಗ್ರಂಥವೆಂದು ಒಪ್ಪಬೇಕಿಲ್ಲ, ಪದದ ಬೇರು ನೋಡಲು ಬೇಕೇ ಬೇಕು. ಬೆಳಕು ದೀಪಕ್ಕಿಂತ ಕಿರಿಯದಲ್ಲ, ಆದರೂ ದೀಪದಿಂದಲೇ ಬರುತ್ತದೆ. ನಿಕೇಯದ "ಬೆಳಕಿನಿಂದ ಬೆಳಕು" ಎಂಬ ಮಾತನ್ನು ಪಿತೃಗಳು ವಿವರಿಸಿದ್ದು ಇದೇ ಚಿತ್ರದಿಂದ.

ಇನ್ನು ಆ್ಯಪ್. ಯೂವರ್ಷನ್‌ನಲ್ಲಿ ಕನ್ನಡದ ಹಲವು ಅನುವಾದಗಳು ಉಚಿತವಾಗಿ ಸಿಗುತ್ತವೆ. ಮೇಲಿನ ಅನುವಾದದ ಹೆಸರನ್ನು ಒತ್ತಿ, ಭಾಷೆ ಕನ್ನಡ ಆರಿಸಿ, ಜೆ.ವಿ., ಸಿ.ಎಲ್., ಸಮಕಾಲಿಕ ಅನುವಾದ ಮುಂತಾದವನ್ನು ಸೇರಿಸಿಕೊಳ್ಳಿ. ವಚನದ ಮೇಲೆ ಬೆರಳಿಟ್ಟು ಕಂಪೇರ್ ಒತ್ತಿದರೆ ಎಲ್ಲವೂ ಒಂದರ ಕೆಳಗೆ ಒಂದು ಬರುತ್ತವೆ. ನಮ್ಮ ಕೆಲಸಕ್ಕೆ ಇದಕ್ಕಿಂತ ಉಪಯುಕ್ತ ಸೌಲಭ್ಯ ಇಲ್ಲ. ಹುಡುಕಾಟ ಮಾತ್ರ ಕೈಕೊಡುತ್ತದೆ, ಕಾರಣ ಕನ್ನಡದ ವಿಭಕ್ತಿ ಮತ್ತು ಜೆ.ವಿ.ಯ ಹಳೆಯ ಕಾಗುಣಿತ. "ತಂದೆ" ಎಂದು ಹುಡುಕಿ ಸಿಕ್ಕಷ್ಟೇ ಎಂದು ನಿಲ್ಲಬೇಡಿ. ತಂದೆಯ, ತಂದೆಗೆ, ತಂದೆಯನ್ನು, ತಂದೆಯಾದ ಎಂದು ಬೇರೆ ಬೇರೆಯಾಗಿ ಕೊಡಿ. ಜೆ.ವಿ.ಯಲ್ಲಿ "ಎಂಬುದು" ಅಲ್ಲ "ಎಂಬದು", "ತಿಳಿಯುವುದು" ಅಲ್ಲ "ತಿಳಿಯುವದು". ಇಂದಿನ ಕಾಗುಣಿತದಲ್ಲಿ ಹೊಡೆದರೆ ವಚನ ಇದ್ದರೂ ಇಲ್ಲ ಎನ್ನುತ್ತದೆ. ಸಿ.ಎಲ್.ನಲ್ಲಿ ತಂದೆಯ ಜೊತೆಗೆ "ಪಿತ", "ಪಿತನ" ಎಂದೂ ಹುಡುಕಬೇಕು. ವಚನ ನಕಲು ಮಾಡಿ ಪಾಠದ ಹಾಳೆಯಲ್ಲಿ ಅಚ್ಚು ಹಾಕುವವರು 2019ರ ಇಂಡಿಯನ್ ರಿವೈಸ್ಡ್ ವರ್ಷನ್ ಬಳಸಬಹುದು, ಅದು ಮುಕ್ತ ಪರವಾನಗಿಯದು. ಅನುವಾದದ ಹೆಸರನ್ನೂ ಪರವಾನಗಿಯನ್ನೂ ಉಲ್ಲೇಖಿಸಿ.

ಸ್ಟೆಪ್ ಬೈಬಲ್ ಕೇಂಬ್ರಿಡ್ಜಿನ ಟಿಂಡೇಲ್ ಹೌಸ್ ಎಂಬ ಬೈಬಲ್ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡದ್ದು, ಅದೂ ಉಚಿತ. ಗ್ರೀಕ್ ಅಕ್ಷರ ಬಾರದಿದ್ದರೂ ಇಂಗ್ಲಿಷ್ ಪದದ ಮೇಲೆ ಬೆರಳಿಟ್ಟರೆ ಕೆಳಗಿನ ಗ್ರೀಕ್ ಪದ, ಅದು ಬೇರೆ ಎಲ್ಲೆಲ್ಲಿ ಬರುತ್ತದೆ ಎಂಬುದು ಬರುತ್ತದೆ. ಹೊಸಬರು ಇಲ್ಲಿ ಮಾಡುವ ತಪ್ಪು, ಕೋಶದಲ್ಲಿರುವ ಎಲ್ಲ ಅರ್ಥಗಳನ್ನೂ ಒಂದೇ ವಚನಕ್ಕೆ ಸುರಿಯುವುದು. ಪದ ಎಲ್ಲೆಲ್ಲಿ ಬಂದಿದೆ ಎಂದು ಒಂದೇ ಲೇಖಕನಲ್ಲಿ ಮೊದಲು ನೋಡಿ, ಆಮೇಲೆ ಹೊರಗೆ ಹೋಗಿ. ಮೆಯ್‌ಜೋನ್‌ಗೆ ಯೋಹಾನ 13:16 ಸಾಕ್ಷಿ ಹೇಳಿದ್ದು ಹಾಗೆಯೇ.

ಯಾವ ಸಭೆಯವರು ಕೂತು ಓದುತ್ತಿದ್ದಾರೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಉಡುಪಿಯ ಉತ್ತರಕ್ಕೆ ಬ್ರಹ್ಮಾವರದ ಆರ್ಥೊಡಾಕ್ಸ್ ವಿಶ್ವಾಸಿಗಳ ವಿಶ್ವಾಸಪ್ರಮಾಣದಲ್ಲಿ ಪವಿತ್ರಾತ್ಮನು ತಂದೆಯಿಂದ ಹೊರಡುತ್ತಾನೆ. ಅದೇ ಜಿಲ್ಲೆಯ ಕಥೋಲಿಕ ದೇವಾಲಯಗಳಲ್ಲಿ ಪಿತ ಮತ್ತು ಸುತನಿಂದ. "ಮತ್ತು ಸುತನಿಂದ" ಎಂಬ ಈ ಸೇರ್ಪಡೆ ರೋಮಿನ ಪೂಜೆಯೊಳಗೆ ಬಂದದ್ದು 1014ರಲ್ಲಿ. ತಂದೆಯೊಬ್ಬನೇ ಮೂಲ ಎಂಬುದಕ್ಕೆ ಇದು ಧಕ್ಕೆ ಎಂದು ಪೂರ್ವದವರು, ಇಲ್ಲ, ತಂದೆಯೇ ಮೊದಲ ಮೂಲ ಎಂಬುದು ಹಾಗೆಯೇ ಉಳಿಯುತ್ತದೆ ಎಂದು ಪಶ್ಚಿಮದವರು. ಯೋಹಾನ 15:26 ಎರಡೂ ಕಡೆಯವರ ಆಧಾರ ವಚನ. ಮಿಶ್ರ ಗುಂಪಿನಲ್ಲಿ ಅದನ್ನು ಓದುವಾಗ "ಹೊರಡುವ" ಎಂಬ ಪದವನ್ನೂ "ಕಳುಹಿಸುವ" ಎಂಬ ಪದವನ್ನೂ ಬೇರೆ ಬೇರೆ ಗುರುತು ಮಾಡಿಕೊಳ್ಳಿ. ಅರ್ಧ ಜಗಳ ಅಲ್ಲಿಗೇ ತಣ್ಣಗಾಗುತ್ತದೆ.

ಅಚ್ಚಿನ ಪ್ರತಿ ಕೊಳ್ಳುವಾಗ ಕೆಲವು ಮಾತು. ಅಂಗಡಿಯಲ್ಲಿ ಎಫೆಸ 4:6 ತೆಗೆದು, ಒತ್ತಕ್ಷರಗಳು ಕನ್ನಡಕವಿಲ್ಲದೆ ಓದಲು ಬರುತ್ತವೆಯೇ ನೋಡಿ. ಕನ್ನಡದಲ್ಲಿ ಅಕ್ಷರದ ಗಾತ್ರಕ್ಕಿಂತ ಒತ್ತಿನ ಗಾತ್ರವೇ ಕಣ್ಣನ್ನು ದಣಿಸುವುದು. ಪುಸ್ತಕವನ್ನು ಮಧ್ಯಕ್ಕೆ ತೆರೆದು ಮೇಜಿನ ಮೇಲೆ ಬಿಡಿ. ತಾನಾಗಿ ಮುಚ್ಚಿಕೊಂಡರೆ ಎರಡು ಅನುವಾದ ಪಕ್ಕಪಕ್ಕ ಇಟ್ಟು ಓದುವುದು ಕಷ್ಟ, ಹೊಲಿಗೆಯ ಬೈಂಡಿಂಗ್ ಇರುವುದನ್ನು ಕೇಳಿ. ಒಳ ಅಂಚು ತೀರ ಕಿರಿದಾಗಿದ್ದರೆ ಟಿಪ್ಪಣಿಗೆ ಜಾಗವಿಲ್ಲ. ಅಡಿಯಲ್ಲಿ ಸಂಬಂಧಿತ ವಚನಗಳ ಸೂಚಿ ಇರುವ ಮುದ್ರಣ ಸಿಕ್ಕರೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಕಾಗದ ತೆಳು, ಆದ್ದರಿಂದ ಇಂಕ್ ಪೆನ್ನು, ನೀರಿನಂಥ ಹೈಲೈಟರ್ ಬೇಡ. ಹಿಂದಿನ ಪುಟಕ್ಕೆ ಇಳಿಯುತ್ತದೆ. ಮರದ ಬಣ್ಣದ ಪೆನ್ಸಿಲ್ ಸಾಕು, ಮೊನೆ ಮೊಂಡಾಗಿರಲಿ.

ಓದುವ ಕ್ರಮ ಹೀಗಿದ್ದರೆ ಚೆನ್ನ: ಮೊದಲ ವಾರ ಧರ್ಮೋಪದೇಶಕಾಂಡ 6:4 ಮತ್ತು 1 ಕೊರಿಂಥ 8:6. ಎರಡನೆಯ ವಾರ ಯೋಹಾನ 5:19ರಿಂದ 30, ಅದರಲ್ಲೂ 26ನೆಯ ವಚನ. ತಂದೆ ಮಗನಿಗೆ ಕೊಟ್ಟದ್ದು "ತನ್ನಲ್ಲೇ ಜೀವವುಳ್ಳವನಾಗಿರುವಂತೆ" ಎಂಬುದನ್ನು ಬಿಡಿಸಲು ಒಂದು ಸಂಜೆ ಪೂರ್ತಿ ಬೇಕು. ಮೂರನೆಯ ವಾರ 10:29, 30 ಮತ್ತು 14:28 ಒಟ್ಟಿಗೆ. ನಾಲ್ಕನೆಯ ವಾರ 1 ಕೊರಿಂಥ 15, ಎರಡು ಬಣ್ಣದ ಪೆನ್ಸಿಲ್ ಹಿಡಿದು. ಯೋಹಾನ 20:17 ಕೊನೆಗೆ ಇಟ್ಟುಕೊಳ್ಳಿ. ಎದ್ದುಬಂದ ಯೇಸು ಅಲ್ಲಿ "ನಮ್ಮ ತಂದೆ" ಎನ್ನುವುದಿಲ್ಲ. ನನ್ನ ತಂದೆ, ನಿಮ್ಮ ತಂದೆ, ನನ್ನ ದೇವರು, ನಿಮ್ಮ ದೇವರು ಎಂದು ನಾಲ್ಕು ಬಿಡಿಯಾಗಿ ಹೇಳುತ್ತಾನೆ. ಅದನ್ನು ಜೋರಾಗಿ ಓದುವವರು ಆ ನಾಲ್ಕರ ನಡುವೆ ಒಂದೊಂದು ಸಣ್ಣ ನಿಲುಗಡೆ ಕೊಡಲಿ.